ಕಾಜ

ಕೌಲ್ ಬಜಾರಿನಲ್ಲಿ ನಮ್ಮಪ್ಪ ಗಾದಿಲಿಂಗಪ್ಪ
ಕಾಜ ಹಾಕುತ್ತಿದ್ದ. ಬರೀ ಕಾಜ.
ಅಂಗಿ ಹೊಲಿಯುವವರು ಬೇರೆ, ಗುಂಡಿ ಹಚ್ಚುವವರು ಬೇರೆ.
ಶನಿವಾರ ಡಜನ್ ಲೆಕ್ಕದಲ್ಲಿ ಎಣಿಸಿಕೊಂಡು ಬಂದು
ಕಣ್ಣಿಗೆ ಒದ್ದೆ ಬಟ್ಟೆ ಹಾಕಿ ಮಲಗುತ್ತಿದ್ದ.

ನಾನು ಜೀನ್ಸಿಗೆ ಹೋದೆ.
ಮೊದಲು ಬೆಲ್ಟಿನ ಲೂಪು, ಪ್ಯಾಂಟಿಗೆ ಐದು.
ಆಮೇಲೆ ವಾಷಿಂಗ್ ಯೂನಿಟ್ಟು:
ಹೊಸ ಬಟ್ಟೆಯನ್ನು ಕಲ್ಲಿನ ಜೊತೆ ಡ್ರಮ್ಮಿನಲ್ಲಿ ತಿರುಗಿಸಿ
ಹಳೆಯದು ಮಾಡುವ ಕೆಲಸ.
ಮೊಣಕಾಲಿಗೆ ಉಪ್ಪುಕಾಗದ, ತೊಡೆಗೆ ಬ್ರಷ್ಷು.
ಯಾರೋ ಕೂತು, ಎದ್ದು, ಹತ್ತು ವರ್ಷ ಬದುಕಿದ ಹಾಗೆ
ಹತ್ತೇ ನಿಮಿಷದಲ್ಲಿ.
ಮೋರಿ ನೀಲಿ, ಉಗುರು ನೀಲಿ,
ಮುರಿದ ರೊಟ್ಟಿಯ ಅಂಚೂ ನೀಲಿ.
ಇಲ್ಲ, ಅಷ್ಟಿರಲಿಲ್ಲ.
ರೊಟ್ಟಿಯ ಮಾತು ನಾನು ಸಂದರ್ಶನಗಳಲ್ಲಿ ಸೇರಿಸಿದ್ದು.

ಗಣಿಯಲ್ಲಿ ಶೂಟಿಂಗಿಗೆ ಬಂದವರ ಹತ್ತಿರ
ಹನ್ನೆರಡು ಅಂಗಿಗಳಿದ್ದವು, ಎಲ್ಲಕ್ಕೂ ಇಸ್ತ್ರಿಯ ವಾಸನೆ.
ಹೀರೋ ಸೋಲಬೇಕು, ಅಂಗಿ ಇನ್ನೂ ಸೋತಿಲ್ಲ.
ಯಾರೋ ನಮ್ಮ ಮಾಲೀಕನಿಗೆ ಫೋನು ಮಾಡಿದರು.
ಒಂದು ರಾತ್ರಿ. ಚಹಾದ ಚರಟ, ಕೊಬ್ಬರಿ ತುರಿಯುವ ಮಣೆ,
ಅದಿರು ಲಾರಿಯ ಟೈರಿನಿಂದ ಕೆರೆದ ಕೆಮ್ಮಣ್ಣು.
ಒಂದನೇ ಅಂಗಿ: ಕೆಲಸಕ್ಕೆ ಸೇರಿದ ದಿನ.
ಐದನೆಯದು: ಕಾಲರು ಕುತ್ತಿಗೆಗೆ ಒಗ್ಗಿದೆ.
ಒಂಬತ್ತು: ಎಡ ಹೆಗಲಲ್ಲಿ ಬುಟ್ಟಿಯ ಸವೆತ.
ಹನ್ನೆರಡನೆಯದನ್ನು ನಾನೇ ತೊಟ್ಟು
ಅಂಗಳದಲ್ಲಿ ಹೊರಳಾಡಿದೆ.
ಅಪ್ಪ ಎದ್ದು ಬಂದು ನೋಡಿ,
"ಏನಮ್ಮ ಎರ್ರೆಮ್ಮ, ದೆವ್ವ ಹೊಕ್ಕೈತೇನು?" ಅಂದ.

ಹೊಕ್ಕಿತ್ತು. ಇಪ್ಪತ್ತೆರಡು ವರ್ಷ ಬಿಡಲಿಲ್ಲ.
ಏಳುನೂರು ಕಂತಿನ ಅತ್ತೆಗೆ ಏಳುನೂರು ಸೀರೆ,
ಮಲಗುವಾಗಲೂ ಜರಿ.
ಒಣಗಿದ ನೆತ್ತರು ಕಂದು ಸಾರ್ ಎಂದರೆ
ಜನಕ್ಕೆ ಕೆಂಪೇ ಬೇಕು ಮೇಡಂ ಎನ್ನುವರು.
ಮಂಗಳವಾರ ಬಾಗಿಲು ತೆರೆದವನು
ಶುಕ್ರವಾರ ಒಳಗೆ ಕಾಲಿಡುವಾಗ
ತೋಳು ಎಷ್ಟು ಮಡಿಕೆ ಮಡಚಿತ್ತು, ನನಗೆ ಗೊತ್ತು.
ತೆರೆಯ ಮೇಲೆ ನನ್ನ ಹೆಸರು ಒಮ್ಮೆ ಯರಮ್ಮ, ಒಮ್ಮೆ ಎರ್ರಮ್ಮ,
ಒಮ್ಮೆ ಜಿ. ಎಂಬ ಅಕ್ಷರ ಮಾತ್ರ.
ಓದುವಷ್ಟರಲ್ಲಿ ಲೈಟ್ ಬಾಯ್‌ಗಳ ಹೆಸರು ಬಂದಿರುತ್ತಿತ್ತು.

ಹೋದ ಚೈತ್ರದಲ್ಲಿ ಮತ್ತೆ ಬಳ್ಳಾರಿ.
ದೃಶ್ಯ ಇಷ್ಟೇ: ಗಂಡ ಸತ್ತ ಲೋಡರಿನ ಹೆಂಡತಿ
ಆಫೀಸಿನ ಬಾಗಿಲಲ್ಲಿ ನಿಂತು ಬಾಕಿ ಕೂಲಿ ಕೇಳುತ್ತಾಳೆ.
ನಾನು ನಮ್ಮ ಚಿಕ್ಕಮ್ಮನ ಸೀರೆ ತಂದಿದ್ದೆ,
ಸೆರಗಿನಲ್ಲಿ ಬೆರಳಗಲ ರಫೂ, ಅದೇ ಬಣ್ಣದ ದಾರ.
ಡೈರೆಕ್ಟರು ಮಾನಿಟರಿನಲ್ಲಿ ನೋಡಿದರು.
"ಹೊಲಿಗೆ ಕಾಣ್ತಾನೇ ಇಲ್ಲ."
ಕಾಣಬಾರದು ಅಂತಲೇ ಹೊಲಿದದ್ದು ಸಾರ್.
"ಇಷ್ಟು ಸ್ವಚ್ಛ? ಬಡವಿ ಅನ್ನಿಸಲ್ಲ."
ಸಾಹೇಬರ ಮುಂದೆ ಹೋಗುವವಳು
ಇದ್ದುದರಲ್ಲಿ ತೊಳೆದದ್ದನ್ನೇ ಉಡುತ್ತಾಳೆ ಸಾರ್.
ಅವರು ವಾಚು ನೋಡಿದರು. ಬಿಸಿಲು ಇಳಿಯುತ್ತಿತ್ತು.

ನಾನೇ ಕೊಳೆ ಹಚ್ಚಿದೆ.
ಚೆನ್ನಾಗಿಯೇ ಹಚ್ಚಿದೆ, ಕಸುಬು ಗೊತ್ತಲ್ಲ.
ಎರಡು ಕೈ ಕೆಮ್ಮಣ್ಣು, ಒಂದು ಲೋಟ ಚಹಾ.

ಕ್ಯಾಮೆರಾ ಉರುಳಿತು.
ಗುಂಪಿನಲ್ಲಿ ನಿಲ್ಲಲು ದಿನಗೂಲಿಗೆ ಬಂದಿದ್ದ
ಹುಸೇನಮ್ಮ ಎಂಬಾಕೆ ಮುಂದೆ ಬಂದು
ನಾಯಕಿಯ ಸೆರಗು ಹಿಡಿದು, ಬೆರಳಿಗೆ ಎಂಜಲು ಹಚ್ಚಿ,
"ಅಮ್ಮಾ, ಕಲೆ ಐತೆ, ಹಿಂಗೇ ಒಳಗೋಗ್ತೀಯೇನು?"
ಎಂದು ತಿಕ್ಕತೊಡಗಿದಳು.
ಕಟ್, ಕಟ್, ಯಾರ್ರೀ ಅದು ಎಂದು ಕೂಗಾಟ.
ಅವಳ ಕೈಯಿಂದ ಸೆರಗು ಬಿಡಿಸಲು ನಾನೇ ಓಡಬೇಕು.
ಓಡಲಿಲ್ಲ.
ಪಿನ್ನು ಹುಡುಕುವವಳ ಹಾಗೆ ಬಗ್ಗಿ ಕೂತಿದ್ದೆ.

ಮೂರನೇ ಟೇಕು ಓಕೆ ಆಯಿತು, ಕೊಳೆಯ ಸಮೇತ.

ರಾತ್ರಿ ಮನೆಗೆ ಹೋದರೆ ಅಪ್ಪನ ಕಣ್ಣಲ್ಲಿ ಪೊರೆ.
ದನಿಯ ಕಡೆ ಮುಖ ತಿರುಗಿಸಿ ನನ್ನ ತೋಳು ಹಿಡಿದ.
ಮುಂಗೈ ಪಟ್ಟಿಯ ಕಾಜಕ್ಕೆ ಹೆಬ್ಬೆರಳು ತೂರಿಸಿ
ಒಳಗೊಮ್ಮೆ, ಹೊರಗೊಮ್ಮೆ ಸವರಿದ.
ದುಬಾರಿ ಅಂಗಿ ಅದು.
"ಮಷೀನಿಂದು," ಅಂದ. "ಉಂಡೆಯಾ?"